ಮೇಲೆ 18, ಕೆಳಗೆ 16

ನಮ್ಮ ಜೀಪಿನ ಬಾನೆಟ್ ಒಳಗಡೆ ಅಪ್ಪಯ್ಯ ಬಿಳಿ ಪೇಂಟಿನಲ್ಲಿ ಬರೆದಿಟ್ಟ ಒಂದು ಸಾಲಿದೆ. ‘ಮೇಲೆ 18, ಕೆಳಗೆ 16.’ ಚಿಕ್ಕಂದಿನಿಂದ ನೋಡುತ್ತಲೇ ಬಂದಿದ್ದೆ. ಅದೇನು ಅಂತ ಗೊತ್ತಾಗಿದ್ದು ಅಪ್ಪಯ್ಯ ಹೋಗಿ ನಾಲ್ಕು ವರ್ಷವಾದ ಮೇಲೆ, ಕಳೆದ ಜೂನ್ ತಿಂಗಳಲ್ಲಿ.

ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಬರುತ್ತಿದ್ದೆ. ಗಾಜನೂರು ದಾಟುವವರೆಗೂ ಎಲ್ಲಾ ಸರಿಯಿತ್ತು. ಮಂಡಗದ್ದೆ ಹತ್ತಿರ ಎಂಜಿನ್ ಮಿಸ್ ಹೊಡೆಯೋಕೆ ಶುರುವಾಯಿತು. ಏರು ಬಂದರೆ ಎಳೆಯುತ್ತಿಲ್ಲ. ಸೆಕೆಂಡ್ ಗೇರಿನಲ್ಲೇ ಅದನ್ನು ಸಮಾಧಾನ ಮಾಡಿಕೊಂಡು ಮನೆ ಸೇರಿದೆ.

ಮಾರನೇ ದಿನ ಅಪ್ಪಯ್ಯನ ಕಾಲದಿಂದಲೂ ಜೀಪು ನೋಡುತ್ತಿದ್ದ ಮೇಸ್ತ್ರಿ ಬಂದರು. ಎಂಜಿನ್ ಸ್ಟಾರ್ಟ್ ಮಾಡಿ ಒಂದೊಂದೇ ಪ್ಲಗ್ಗಿನ ವೈರ್ ಕಿತ್ತರು. ಬೇರೆ ವೈರ್ ಕಿತ್ತಾಗ ಸದ್ದು ಕುಗ್ಗಿತು. ಮೂರನೇದು ಕಿತ್ತಾಗ ಏನೂ ಬದಲಾಗಲಿಲ್ಲ. ಆಮೇಲೆ ಸೈಲೆನ್ಸರ್ ಬಾಯಿಗೆ ಒಂದು ಕಾಗದದ ಚೂರು ಹಿಡಿದರು. ಕಾಗದ ಹಾರುತ್ತಾ ಹಾರುತ್ತಾ ನಡುವೆ ಒಮ್ಮೊಮ್ಮೆ ಒಳಗೆ ಎಳೆದುಕೊಳ್ಳುತ್ತಿತ್ತು.

“ಎಗ್ಸಾಸ್ಟ್ ವಾಲ್ವ್ ಸುಟ್ಟಿದೆ ಮಾರಾಯ್ರೇ. ಹೆಡ್ ಇಳಿಸ್ಬೇಕು.”

ನಮ್ಮದು 1968ರ ಮಹೀಂದ್ರ ಸಿಜೆ3ಬಿ. ಅದರಲ್ಲಿರುವುದು ವಿಲ್ಲೀಸ್ ಕಂಪನಿಯ ಹರಿಕೇನ್ ಪೆಟ್ರೋಲ್ ಎಂಜಿನ್, 2.2 ಲೀಟರಿನದು. ಗಾಳಿ ಎಳೆಯುವ ವಾಲ್ವ್ ಮೇಲೆ, ಎಂಜಿನ್ನಿನ ಮುಚ್ಚಳವಾದ ಹೆಡ್ಡಿನಲ್ಲಿ. ಹೊಗೆ ಬಿಡುವ ಎಗ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಹಿಂದಿನ ಮಾಡೆಲ್ಲುಗಳಲ್ಲಿ ಎರಡೂ ಕೆಳಗೇ ಇದ್ದವು. ಹೀಗೆ ಎಂಜಿನ್ ಎತ್ತರವಾಗಿದ್ದಕ್ಕೇ ಈ ಜೀಪಿನ ಬಾನೆಟ್ ಅಷ್ಟು ಎತ್ತರ. ಹೆಡ್ ಬಿಚ್ಚುವುದರಲ್ಲೂ ಒಂದು ಗುಟ್ಟಿದೆ. ಒಂದು ಬೋಲ್ಟ್ ಕಾರ್ಬೊರೇಟರ್ ಅಡಿಯಲ್ಲಿ ಅಡಗಿರುತ್ತದೆ. ಅದನ್ನು ತಿಳಿಯದೆ ಮೀಟಿದರೆ ಹೆಡ್ಡೇ ಬಿರುಕು ಬಿಡುತ್ತದೆ. ಮೇಸ್ತ್ರಿ ಮೊದಲು ಪಾನಾ ಹಾಕಿದ್ದೇ ಅದಕ್ಕೆ.

ಹೆಡ್ ಎತ್ತಿದಾಗ ನೋಡಿದೆ. ವಾಲ್ವಿನ ಅಂಚಿನಲ್ಲಿ ಇಲಿ ಕಚ್ಚಿದ ರೊಟ್ಟಿಯ ಹಾಗೆ ಒಂದು ಚೂರು ಇರಲೇ ಇಲ್ಲ.

“ಟ್ಯಾಪೆಟ್ ಯಾವಾಗ ನೋಡ್ಸಿದ್ರಿ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಬಾನೆಟ್ ಕಡೆ ಕೈ ತೋರಿಸಿದರು. “ಬರ್ದಿಟ್ಟು ಹೋಗಿದಾರಲ್ಲ ನಿಮ್ಮಪ್ಪಯ್ಯ.” ವಾಲ್ವಿಗೂ ಅದನ್ನು ತಳ್ಳುವ ಭಾಗಕ್ಕೂ ನಡುವೆ ಬಿಡುವ ಸಂದಿನ ಲೆಕ್ಕ ಅದು. ಮೇಲಿನ ವಾಲ್ವಿಗೆ 18 ಥೌ, ಕೆಳಗಿನದಕ್ಕೆ 16. ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. ಎಂಜಿನ್ ತಣ್ಣಗಿದ್ದಾಗ ಅಳೆಯಬೇಕು. ವಾಲ್ವ್ ತನ್ನ ಬಿಸಿಯನ್ನು ಜಾಸ್ತಿ ಬಿಟ್ಟುಕೊಡುವುದು ಸೀಟಿಗೆ, ಅಂದರೆ ತಾನು ಮುಚ್ಚುವ ತೂತಿನ ಅಂಚಿಗೆ, ಒತ್ತಿ ಕೂತಾಗಲೇ. ಓಡುತ್ತಾ ಓಡುತ್ತಾ ಸೀಟು ಸವೆದು ಸಂದು ಕಮ್ಮಿಯಾಗುತ್ತದೆ. ಆಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಬೆಂಕಿ ಸೀಟಿನ ಅಂಚಿನಲ್ಲೇ ನುಗ್ಗುತ್ತದೆ. ಮೇಲಿನದನ್ನು ನೋಡುವುದು ಸುಲಭ. ಕೆಳಗಿನದು ಹೊಗೆ ಹೋಗುವ ಕೊಳವೆ ಮ್ಯಾನಿಫೋಲ್ಡ್ ಅಡಿಯ ಪ್ಲೇಟಿನ ಹಿಂದೆ, ಕೈ ತೂರುವುದೇ ಕಷ್ಟ. ಅಪ್ಪಯ್ಯ ಕೊಟ್ಟಿಗೆ ಪಕ್ಕ ಗೋಣಿ ಹಾಸಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದುದು ಇದಕ್ಕೇ.

ವಾಲ್ವ್ ಹುಡುಕಿಕೊಂಡು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಪೂರ್ತಿ ಸುತ್ತಿದೆ. ಹೆಡ್ ಪ್ಯಾಕಿಂಗ್ ಸಿಕ್ಕಿತು. ವಾಲ್ವ್ ಮಾತ್ರ “ಡೀಸೆಲ್ ಜೀಪಿಂದು ಎಷ್ಟು ಬೇಕು ಹೇಳಿ” ಅನ್ನುವವರೇ. ಮಲೆನಾಡಿನಲ್ಲಿ ಪೆಟ್ರೋಲ್ ಜೀಪಿಗೆ ಕೊರತೆ ಇರಲಿಲ್ಲ. ಮೈಲೇಜಿಗೋಸ್ಕರ ಎಷ್ಟೋ ಜನ ಡೀಸೆಲ್ ಎಂಜಿನ್ ಕೂರಿಸಿಕೊಂಡರು, ಹಳೇದು ಗುಜರಿಗೆ ಹೋಯಿತು. ಆ ಎಂಜಿನ್ನುಗಳನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಕೊಪ್ಪದ ಹತ್ತಿರ ಒಂದು ಕಾಫಿ ತೋಟದ ಶೆಡ್ಡಿನಲ್ಲಿ ಹಾಗೆ ಇಳಿಸಿಟ್ಟ ಎಂಜಿನ್ ಇದೆ ಅಂತ ಸುದ್ದಿ ಸಿಕ್ಕಿತು. ಆ ಮನೆಯ ಅಮ್ಮ ಬಾಗಿಲು ತೆಗೆಯುವ ಮೊದಲು ಒಂದೇ ಮಾತು ಕೇಳಿದರು. “ಜೀಪು ಓಡ್ಸಕ್ಕೆ ತಾನೇ? ಮಾರಕ್ಕಲ್ಲ ಅಲ್ವಾ?” ಓಡಿಸೋಕೆ ಅಮ್ಮಾ ಅಂದೆ. ಕಾಫಿ ಮೂಟೆಗಳ ಹಿಂದೆ ಇತ್ತು ಎಂಜಿನ್. ನಾಲ್ಕು ಎಗ್ಸಾಸ್ಟ್ ವಾಲ್ವ್ ಬಿಚ್ಚಿ ತಂದೆವು. ಮೇಸ್ತ್ರಿ ಒಂದೊಂದನ್ನೂ ಕನ್ನಡಿ ಮೇಲೆ ಉರುಳಿಸಿ ನೋಡಿದರು. ಎರಡರ ಕಾಂಡ ಡೊಂಕಾಗಿ ಕುಣಿಯಿತು. ಎರಡು ನೀಟಾಗಿ ಉರುಳಿದವು.

ವಾಲ್ವಿನ ಕಾಂಡ ಜಾರುವ ಕೊಳವೆ, ಗೈಡ್ ಕೂಡ ಸವೆದಿತ್ತು. ಶಿವಮೊಗ್ಗ ಫೌಂಡ್ರಿಗಳ ಊರು, ಬೀಡು ಕಬ್ಬಿಣದ ಕೆಲಸ ಬಲ್ಲವರಿಗೆ ಅಲ್ಲಿ ಬರವಿಲ್ಲ. ಒಬ್ಬ ಲೇತಿನವರು ಹಳೇ ಗೈಡನ್ನೇ ಸ್ಯಾಂಪಲ್ ಇಟ್ಟುಕೊಂಡು ಹೊಸದು ಕಡೆದು ಕೊಟ್ಟರು. ಒಳ್ಳೇ ವಾಲ್ವಿನ ಮುಖವನ್ನು 45 ಡಿಗ್ರಿಗೆ ಹೊಡೆದೂ ಕೊಟ್ಟರು.

ಗ್ರೈಂಡಿಂಗ್ ಪೇಸ್ಟ್ ಹಚ್ಚಿ ವಾಲ್ವ್ ಕೂರಿಸುವ ಕೆಲಸ ನಾನೇ ಮಾಡಿದೆ. ರಬ್ಬರ್ ಬಟ್ಟಲಿನ ಕೋಲನ್ನು ವಾಲ್ವಿಗೆ ಅಂಟಿಸಿ ಎರಡೂ ಅಂಗೈ ನಡುವೆ ಕಡೆಗೋಲಿನ ಹಾಗೆ ತಿರುಗಿಸಬೇಕು. ಮೊದಲು ಕರಕರ ಅನ್ನುತ್ತದೆ. ಸದ್ದು ಮೆತ್ತಗಾದಾಗ ಎತ್ತಿ ನೋಡಿದರೆ ಸುತ್ತಲೂ ಬೂದು ಬಣ್ಣದ ಒಂದೇ ಉಂಗುರ. ಎಲ್ಲೂ ಕಡಿದಿರಲಿಲ್ಲ. ವಾಲ್ವಿನ ಸ್ಪ್ರಿಂಗ್ ಹಿಡಿಯುವ ಪುಟ್ಟ ಲಾಕ್ ಹಾಕುವಾಗ ಕೈಜಾರಿ ಆಯಿಲ್ ಚೇಂಬರಿಗೆ ಬೀಳಬಾರದು ಅಂತ ಮೇಸ್ತ್ರಿ ತೂತುಗಳಿಗೆಲ್ಲ ಬಟ್ಟೆ ತುರುಕಿದರು. ಎಂಟೂ ವಾಲ್ವಿನ ಸಂದನ್ನು ಫೀಲರ್ ಗೇಜಿನಿಂದ ಅಳೆದು ಕೂರಿಸಿದೆವು.

ಸ್ಟಾರ್ಟ್ ಮಾಡಿದ ಮೇಲೆ ಮತ್ತೆ ಸೈಲೆನ್ಸರ್ ಬಾಯಿಗೆ ಕಾಗದ ಹಿಡಿದರು. ಪಟಪಟ ಹಾರಿತು. ಒಂದು ಸಲವೂ ಒಳಗೆ ಎಳೆಯಲಿಲ್ಲ.

“ಐನೂರು ಕಿಲೋಮೀಟ್ರು ಆದ್ಮೇಲೆ ಇನ್ನೊಂದ್ಸಲ ನೋಡಿ” ಅಂದು ಮೇಸ್ತ್ರಿ ಹೋದರು.

ಆಗಸ್ಟ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ, ಗೋಣಿ ಹಾಸಿಕೊಂಡು ಕೂತು ಪಕ್ಕದ ಪ್ಲೇಟ್ ಬಿಚ್ಚಿದೆ. ಮೂರನೇ ಸಿಲಿಂಡರಿನದು 15ಕ್ಕೆ ಬಂದಿತ್ತು. ಟ್ಯಾಪೆಟ್ ಸ್ಕ್ರೂ ತಿರುಗಿಸಿ 16ಕ್ಕೆ ತಂದೆ.