ಕ್ಯಾರಾ ಸರೋವರದ ಮೂರ್ ಹಾಲ್

ಐರ್ಲೆಂಡಿನ ಮೇಯೊ ಕೌಂಟಿಯಲ್ಲಿ ಕ್ಯಾರಾ ಸರೋವರಕ್ಕೆ ಎದುರಾಗಿ ಚಾವಣಿಯಿಲ್ಲದೆ ನಿಂತಿರುವ ಮೂರ್ ಹಾಲ್ ಎಂಬ ಬಂಗಲೆಯ ಇತಿಹಾಸವನ್ನು ಓದಿದಾಗಿನಿಂದ ಅದರ ಯೋಚನೆಯೇ ನನ್ನನ್ನು ಕಾಡುತ್ತಿದೆ. ಸ್ಪೇನಿನ ಅಲಿಕಾಂಟೆಯಲ್ಲಿ ವ್ಯಾಪಾರ ಮಾಡಿ ಸಿರಿವಂತನಾಗಿ ಮರಳಿದ ಜಾರ್ಜ್ ಮೂರ್ 1790ರ ದಶಕದಲ್ಲಿ ಇದನ್ನು ಕಟ್ಟಿಸಿದನು. ಅವನ ಮಗ ಜಾನ್, ಬ್ರಿಟಿಷ್ ಆಳ್ವಿಕೆಯ ವಿರುದ್ಧದ 1798ರ ದಂಗೆಗೆ ನೆರವಾಗಲು ಫ್ರೆಂಚ್ ಸೈನ್ಯ ಬಂದಿಳಿದಾಗ ಐರ್ಲೆಂಡಿನ ಪಶ್ಚಿಮ ಪ್ರಾಂತ್ಯವಾದ ಕಾನಾಟ್‌ನ ಗಣರಾಜ್ಯದ ಅಧ್ಯಕ್ಷನೆಂದು ಘೋಷಿತನಾಗಿ, ಬೇಗನೆ ಸೆರೆಸಿಕ್ಕು, ಮರುವರ್ಷ ಬಂಧನದಲ್ಲಿಯೇ ತೀರಿಕೊಂಡನು.

ನನ್ನನ್ನು ಹೆಚ್ಚು ತಟ್ಟಿದ್ದು ಮುಂದಿನ ತಲೆಮಾರಿನ ಕಥೆ. ಆಲೂಗಡ್ಡೆ ಬೆಳೆ ಕೊಳೆತು ಮಹಾಕ್ಷಾಮ ಕವಿದಿದ್ದಾಗ, 1846ರ ಚೆಸ್ಟರ್ ಕಪ್ ಪಂದ್ಯದಲ್ಲಿ ತನ್ನ ಕುದುರೆ ಗೆದ್ದದ್ದರಿಂದ ಬಂದ ದೊಡ್ಡ ಮೊತ್ತದಲ್ಲಿ ಜಾನ್‌ನ ಸೋದರನ ಮಗ ಜಾರ್ಜ್ ಹೆನ್ರಿ ಮೂರ್ ತನ್ನ ಒಕ್ಕಲುಗಳ ಹಸಿವನ್ನು ನೀಗಿಸಲು ಮುಂದಾದನು. ಆ ಪ್ರಾಂತ್ಯದಲ್ಲಿ ಜನರು ಸಾಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದರೂ 1923ರ ಫೆಬ್ರುವರಿ 1ರಂದು, ಅಂತರ್ಯುದ್ಧದ ನಡುವೆ, ಬ್ರಿಟನ್ನಿನೊಂದಿಗೆ 1921ರಲ್ಲಿ ಆದ ಒಪ್ಪಂದವನ್ನು ವಿರೋಧಿಸುತ್ತಿದ್ದ ಹೋರಾಟಗಾರರು ಈ ಮನೆಗೆ ಬೆಂಕಿಯಿಟ್ಟರು. ಜಾರ್ಜ್ ಹೆನ್ರಿಯ ಮಗ ಮಾರಿಸ್ ಮೂರ್ ಹೊಸ ಸರ್ಕಾರದ ಸೆನೆಟರ್ ಆಗಿದ್ದುದೇ ಅದಕ್ಕೆ ಕಾರಣ; ಮನೆಯ ಒಡೆತನವಾದರೋ ಸಾಹಿತಿಯಾಗಿದ್ದ ಅವನ ಅಣ್ಣನದಾಗಿತ್ತು. ಜಮೀನ್ದಾರಿಯ ಮೇಲಿನ ತಲೆಮಾರುಗಳ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಗಣರಾಜ್ಯಕ್ಕಾಗಿ ಜೀವ ತೆತ್ತವನ ಮನೆಯನ್ನು ಗಣರಾಜ್ಯದ ಹೆಸರಿನಲ್ಲಿಯೇ ಸುಟ್ಟದ್ದನ್ನು ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ.

2018ರಲ್ಲಿ ಮೇಯೊ ಕೌಂಟಿ ಕೌನ್ಸಿಲ್ ಈ ಆಸ್ತಿಯನ್ನು ಕೊಂಡುಕೊಂಡಿದೆ. ಪಾಳುಗೋಡೆಗಳ ಆಸರೆಯಲ್ಲಿ ಈಗ ಅಪರೂಪದ ಬಾವಲಿಗಳು ನೆಲೆಸಿರುವುದರಿಂದ, ಯಾವ ದುರಸ್ತಿಯೂ ಅವುಗಳಿಗೆ ತೊಂದರೆಯಾಗದಂತೆ ನಡೆಯಬೇಕಾಗಿದೆ.