ಒಂದೇ ಕಡ್ಡಿ ಸಿಗ್ನಲ್ ಇದ್ದ ದಿನ

ಅತ್ತೆ ಮನೆ ಹೊಸನಗರದ ಕಡೆ ಒಂದು ಹಳ್ಳಿಯಲ್ಲಿದೆ. ಅಡಿಕೆ ಕೊಯ್ಲಿನ ಸಮಯದಲ್ಲಿ ಅಲ್ಲಿಗೆ ಹೋಗಿದ್ದೆ. ಬೆಂಗಳೂರಿನಲ್ಲಿ ಬೆಳಿಗ್ಗೆ ಚಾರ್ಜ್ ಮಾಡಿದರೆ ರಾತ್ರಿ ಮಲಗುವವರೆಗೂ ಆರಾಮಾಗಿ ಬರುವ ಫೋನು ನನ್ನದು. ಅಲ್ಲಿ ತಿಂಡಿ ಹೊತ್ತಿಗೆ ಫುಲ್ ಇದ್ದದ್ದು ಊಟಕ್ಕೆ ಕೂರುವಾಗ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ನಾನು ಮುಟ್ಟಿಯೂ ಇರಲಿಲ್ಲ, ಜಗಲಿ ಮೇಲಿಟ್ಟು ತೋಟಕ್ಕೆ ಹೋಗಿದ್ದೆ. ಬಂದು ಕೈಗೆ ತೆಗೆದುಕೊಂಡರೆ ಹಿಂಬದಿ ಬೆಚ್ಚಗಿತ್ತು.

"ಬ್ಯಾಟರಿ ಹೋಗಿದೆ, ಬದಲಾಯಿಸು" ಎಂದ ಅತ್ತೆಯ ಮಗ. ಎಲ್ಲರೂ ಹೇಳುವುದು ಅದನ್ನೇ. ಬ್ಯಾಟರಿಯೇ ಹೋಗಿದ್ದರೆ ಬೆಂಗಳೂರಿನಲ್ಲೂ ಹೀಗೇ ಆಗಬೇಕಿತ್ತಲ್ವಾ?

ಮಲೆನಾಡಿನ ಮನೆಗಳಿರುವ ಜಾಗ ನೋಡಿ. ಅಡಿಕೆ ತೋಟಕ್ಕೆ ನೀರು ಬೇಕು, ಹಾಗಾಗಿ ತೋಟ ಎರಡು ಗುಡ್ಡದ ನಡುವಿನ ತಗ್ಗಿನಲ್ಲಿರುತ್ತದೆ, ಮನೆ ಅದರ ಪಕ್ಕದಲ್ಲೇ. ಟವರ್ ಇರುವುದು ಮೇಲೆ, ರಸ್ತೆ ಬದಿಯಲ್ಲೋ ಪೇಟೆ ಹತ್ತಿರವೋ. ನಡುವೆ ಗುಡ್ಡ, ಕಾಡು, ಮನೆಯ ದಪ್ಪ ಗೋಡೆ, ಮೇಲೊಂದು ತಗಡಿನ ಶೀಟು. ಸಿಗ್ನಲ್ ಒಳಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ.

ಟವರ್ ಮಾತು ಫೋನಿಗೆ ಕೇಳಿಸಿದರೆ ಸಾಲದು, ಫೋನಿನ ಮಾತೂ ಟವರ್‌ಗೆ ಕೇಳಿಸಬೇಕು. ಟವರ್ ಹತ್ತಿರವಿದ್ದರೆ ಫೋನು ಪಿಸುಗುಟ್ಟಿದರೂ ನಡೆಯುತ್ತದೆ. ದೂರವಿದ್ದರೆ ಆಚೆ ಗುಡ್ಡದವರನ್ನು ಕರೆಯಲು ಕೂ ಹಾಕಿದ ಹಾಗೆ ಗಂಟಲು ಹರಿದುಕೊಳ್ಳಬೇಕು. 4ಜಿ ಫೋನು ಸಾಮಾನ್ಯವಾಗಿ ಹೊರಡಿಸುವ ಗರಿಷ್ಠ ಶಕ್ತಿ ಸುಮಾರು 0.2 ವ್ಯಾಟ್. ಟವರ್ ಹತ್ತಿರವೇ ಇದ್ದಾಗ ಅದರ ನೂರರಲ್ಲೊಂದು ಭಾಗವೂ ಬೇಕಾಗುವುದಿಲ್ಲ. 0.2 ಅಂದರೆ ಏನು ಮಹಾ ಅನಿಸಬಹುದು. ಆದರೆ ಅಷ್ಟನ್ನು ಗಾಳಿಗೆ ಬಿಡಲು ಬ್ಯಾಟರಿಯಿಂದ ಅದರ ಹಲವು ಪಟ್ಟು ಎಳೆಯಬೇಕು, ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಜಗಲಿ ಮೇಲೆ ಸುಮ್ನೆ ಮಲಗಿದ್ದ ಫೋನು ಬೆಚ್ಚಗಾಗಿದ್ದು ಅದಕ್ಕೇ.

ಸುಮ್ನೆ ಅಂದೆ, ಆದರೆ ಅದು ಸುಮ್ನೆ ಇರುವುದೇ ಇಲ್ಲ. ಬೆಳಿಗ್ಗೆ ತೋಟದ ಫೋಟೋಗಳನ್ನು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಮಧ್ಯಾಹ್ನವಾದರೂ ಅವು ಗಿರಗಿರ ಸುತ್ತುತ್ತಲೇ ಇದ್ದವು. ಕಳಿಸು, ತುಂಡಾಗು, ಮತ್ತೆ ಕಳಿಸು. ಜೊತೆಗೆ ಮೇಲ್ ನೋಡುವ ಆಪ್, ಬ್ಯಾಕಪ್ ಮಾಡುವ ಆಪ್, ಎಲ್ಲವೂ ಅದೇ ಸಣ್ಣ ಕಿಂಡಿಯಲ್ಲಿ ತೂರಲು ನೋಡುತ್ತಿದ್ದವು. ಎರಡು ಸಿಮ್ ಬೇರೆ. ಎರಡನೆಯದಕ್ಕೆ ಆ ಊರಲ್ಲಿ ನೆಟ್‌ವರ್ಕೇ ಇಲ್ಲ, ಅದು ಆಗಾಗ ಎದ್ದು ಹುಡುಕುತ್ತಿತ್ತು.

ಮಾವನ ಕೀಪ್ಯಾಡ್ ಫೋನ್ ಮಾತ್ರ ಅದೇ ಜಗಲಿಯ ಮೊಳೆಗೆ ನೇತುಬಿದ್ದು ದಿನಗಟ್ಟಲೆ ಬಾಳುತ್ತದೆ. ತಮಾಷೆ ಏನೆಂದರೆ 2ಜಿ ಫೋನು ಬಾಯಿಬಿಟ್ಟರೆ ಇನ್ನೂ ಜೋರು, 900 ಮೆಗಾಹರ್ಟ್ಸ್‌ನಲ್ಲಿ 2 ವ್ಯಾಟ್‌ವರೆಗೂ ಹೋಗಬಲ್ಲದು. ಹಿಂದೆಲ್ಲ ಫೋನ್ ಬರುವ ಮೊದಲೇ ಪಕ್ಕದ ರೇಡಿಯೋ ಟರ್ರ್ ಟರ್ರ್ ಅನ್ನುತ್ತಿತ್ತಲ್ಲ, ಇದರಿಂದಲೇ. ಆದರೆ ಕರೆ ಬಂದಾಗ ಮಾತ್ರ ಕೂಗಾಟ, ಉಳಿದ ಹೊತ್ತು ಹೆಚ್ಚುಕಡಿಮೆ ನಿದ್ದೆ. ಅದಕ್ಕೆ ಯಾವ ಫೋಟೋವನ್ನೂ ಯಾರಿಗೂ ಕಳಿಸಬೇಕಾಗಿಲ್ಲ.

ಮಧ್ಯಾಹ್ನ ಕೆಲಸವಿರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆರೆದು ಮನೆ ತುಂಬ ಓಡಾಡಿದೆ. ಅಲ್ಲಿ ಸಿಗ್ನಲ್ ಎಷ್ಟಿದೆ ಎಂದು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಮೈನಸ್ 80ರ ಆಸುಪಾಸು ಇದ್ದರೆ ಭೇಷ್, ಮೈನಸ್ 120 ಅಂದರೆ ಮುಗೀತು. 10 ಕೆಳಗಿಳಿದರೆ ಸಿಗ್ನಲ್ ಹತ್ತನೇ ಒಂದು ಭಾಗಕ್ಕೆ ಇಳಿದಂತೆ. ಜಗಲಿಯಲ್ಲಿ ಮೈನಸ್ 118 ಇತ್ತು. ಅಂಗಳದ ಮೂಲೆಯಲ್ಲಿ, ಅಡಿಕೆ ಒಣಗಿಸುವ ಅಟ್ಟದ ಪಕ್ಕ, ಮೈನಸ್ 104. ಕೆಲವೇ ಹೆಜ್ಜೆಗೆ ಇಪ್ಪತ್ತು ಪಟ್ಟಿಗೂ ಜಾಸ್ತಿ! ಅಲ್ಲಿ ನಿಂತ ತಕ್ಷಣ ಫೋಟೋಗಳೆಲ್ಲ ಒಂದರ ಹಿಂದೊಂದು ಹೋದವು. ಮನೆಯವರಿಗೆ ಇದು ಹೊಸದೇನಲ್ಲ. ಅತ್ತೆ ತಮ್ಮ ಮಗಳ ಹತ್ತಿರ ಮಾತಾಡಲು ಸ್ಟೂಲು ಹಾಕಿಕೊಂಡು ಕೂರುವುದು ಅಲ್ಲೇ.

ಸಂಜೆ ಕರೆಂಟು ಹೋಯಿತು. ಸ್ವಲ್ಪ ಹೊತ್ತು ಸಿಗ್ನಲ್ ಇತ್ತು, ಆಮೇಲೆ ಅದೂ ಹೋಯಿತು. ಟವರ್‌ನ ಬ್ಯಾಟರಿ ಮುಗಿದು, ಜನರೇಟರ್‌ಗೆ ಡೀಸೆಲ್ ಇಲ್ಲದಿದ್ದರೆ ಹೀಗಾಗುತ್ತದೆ. ಫೋನುಗಳೆಲ್ಲ ಇನ್ನೂ ದೂರದ ಟವರ್ ಹುಡುಕಲು ಶುರು ಮಾಡುತ್ತವೆ. ಚಾರ್ಜ್ ಮಾಡಲು ಕರೆಂಟಿಲ್ಲದ ಹೊತ್ತಲ್ಲೇ ಬ್ಯಾಟರಿ ಜಾಸ್ತಿ ತಿನ್ನುವುದು ಅಂದರೆ ಇದಕ್ಕಿಂತ ತಲೆನೋವು ಬೇಕಾ? ನನ್ನ ಪ್ರಕಾರ ಪೂರ್ತಿ ನೆಟ್‌ವರ್ಕ್ ಇಲ್ಲದ ಜಾಗವೇ ವಾಸಿ, ಅಲ್ಲಿ ಎಷ್ಟೋ ಫೋನುಗಳು ಹುಡುಕಿ ಹುಡುಕಿ ಬೇಸತ್ತು ಒಂದು ಹುಡುಕಾಟಕ್ಕೂ ಇನ್ನೊಂದಕ್ಕೂ ನಡುವಿನ ಸಮಯ ಹೆಚ್ಚಿಸುತ್ತವೆ. ಬಂದು ಹೋಗುವ ಒಂದು ಕಡ್ಡಿಯೇ ಮಹಾ ಕಾಟ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಾಟಿಯಲ್ಲಿ ಇಳಿಯುವ ರೈಲಿನಲ್ಲೂ ಇದೇ ಕಥೆ: 57 ಸುರಂಗ, ಪ್ರತಿ ಸುರಂಗ ದಾಟಿದ ಮೇಲೂ ಹೊಸದಾಗಿ ಹುಡುಕಾಟ.

ರಾತ್ರಿ ಫ್ಲೈಟ್ ಮೋಡ್ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಟರಿ ಹೆಚ್ಚುಕಡಿಮೆ ಇದ್ದಷ್ಟೇ ಇತ್ತು. ಅತ್ತೆಯ ಮಗನಿಗೆ ತೋರಿಸಿದೆ. "ರಾತ್ರಿ ಯಾರಾದರೂ ಅರ್ಜೆಂಟಾಗಿ ಫೋನ್ ಮಾಡಿದ್ದರೆ?" ಎಂದ. ಪ್ರಶ್ನೆ ಸರಿಯೇ. ಅದಕ್ಕೆ ಅವರೀಗ ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸುವ ಯೋಚನೆಯಲ್ಲಿದ್ದಾರೆ. ಫ್ಲೈಟ್ ಮೋಡ್‌ನಲ್ಲಿಟ್ಟು ವೈಫೈ ಮಾತ್ರ ಆನ್ ಮಾಡಿ, ವೈಫೈ ಕಾಲಿಂಗ್ ಹಾಕಿಕೊಂಡರೆ ಕರೆಯೂ ಬರುತ್ತದೆ, ಫೋನು ಗುಡ್ಡದಾಚೆಗೆ ಕೂಗುವುದೂ ತಪ್ಪುತ್ತದೆ. ರೌಟರ್‌ಗೆ ಒಂದು ಸಣ್ಣ ಯುಪಿಎಸ್ ಕೂಡ ತಗೊಳ್ಳಿ ಎಂದು ಹೇಳಿ ಬಂದಿದ್ದೇನೆ.