ತೂಕ ಮತ್ತು ಹಿಡಿತದ ಬಲ: ಅಕ್ಕಿ ಗಿರಣಿಯ ಅಂಕಿಗಳನ್ನು ಓದುವ ಬಗೆ

ಗಂಗಾವತಿ, ಕಾರಟಗಿ ಭಾಗದ ಅಕ್ಕಿ ಗಿರಣಿಗಳಲ್ಲಿ ದುಡಿಯುವವರಿಗಾಗಿ ನಡೆಯುವ ಆರೋಗ್ಯ ತಪಾಸಣಾ ಶಿಬಿರಗಳ ಅಂಕಿ-ಅಂಶಗಳನ್ನು ಕ್ರಮಗೊಳಿಸಿ ವರದಿ ಬರೆಯುವುದು ನನ್ನ ಕೆಲಸ. ಎತ್ತರ, ತೂಕಗಳ ಜೊತೆಗೆ ಕೈ ಹಿಡಿತದ ಬಲವನ್ನೂ ಡೈನಮೋಮೀಟರ್‌ನಿಂದ ಅಳೆಯುತ್ತೇವೆ. ತೂಕ ಹೆಚ್ಚಿದ್ದವರಿಗೆ ಬಲವೂ ಹೆಚ್ಚಿರುತ್ತದೆಯೇ ಎಂಬುದು ವರದಿ ಓದುವವರ ಮೊದಲ ಪ್ರಶ್ನೆ. ಒಂದು ಸರಾಸರಿಯನ್ನೋ ಎರಡು ಅಳತೆಗಳು ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎಂದು ಹೇಳುವ ಒಂದು ಸಹಸಂಬಂಧ ಗುಣಾಂಕವನ್ನೋ ಬರೆದು ಕೈತೊಳೆದುಕೊಳ್ಳಬಹುದು; ಆದರೆ ಪಟ್ಟಿಯನ್ನು ಗುಂಪುಗಳಾಗಿ ಬಿಡಿಸಿ ನೋಡುವವರೆಗೆ ಅಂಥ ಸಂಖ್ಯೆಯನ್ನು ನಾನು ನಂಬುವುದಿಲ್ಲ.

ಮೊದಲು ಪ್ರತಿ ಕಾಲಂನ ಕನಿಷ್ಠ, ಗರಿಷ್ಠ ಮತ್ತು ಮಧ್ಯಾಂಕಗಳನ್ನು (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) ತೆಗೆಯುತ್ತೇನೆ. ನಮ್ಮ ಉಪಕರಣದ ಡಯಲ್‌ನಲ್ಲಿ ಕಿಲೋಗ್ರಾಂ ಮತ್ತು ಪೌಂಡ್ ಎರಡೂ ಸುತ್ತುಗಳಿರುವುದರಿಂದ, ಗರಿಷ್ಠದ ಜಾಗದಲ್ಲಿ 84 ಎಂದು ಕಂಡರೆ ಅದು ಪೈಲ್ವಾನನ ಬಲವಲ್ಲ, ಪೌಂಡಿನ ಓದು ಎಂಬ ಅನುಮಾನ ಬರಬೇಕು. 84 ಪೌಂಡ್ ಎಂದರೆ ಸುಮಾರು 38 ಕಿಲೋಗ್ರಾಂ. ಕೈನೋವಿನಿಂದ ಅಳತೆ ಕೊಡದವರ ಮುಂದೆ ಬರೆದ ಸೊನ್ನೆಯೂ ಹಾಗೆಯೇ. ಖಾಲಿ ಬಿಡಬೇಕಾದ ಆ ಸೊನ್ನೆ ಸರಾಸರಿಯನ್ನು ಕೆಳಕ್ಕೆಳೆಯುತ್ತದೆ. ಮಧ್ಯಾಂಕ ಅಷ್ಟು ಸುಲಭಕ್ಕೆ ಕದಲುವುದಿಲ್ಲ.

ಅನಂತರ ಚುಕ್ಕೆಗಳ ನಕ್ಷೆ: ಒಬ್ಬೊಬ್ಬರ ತೂಕ ಮತ್ತು ಬಲಕ್ಕೆ ಒಂದೊಂದು ಚುಕ್ಕೆ. ಎಲ್ಲರನ್ನೂ ಸೇರಿಸಿದಾಗ ತೂಕದೊಂದಿಗೆ ಬಲವೂ ಏರುತ್ತಾ ಹೋಗುವುದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಚೀಲ ಹೊರುವ ಹಮಾಲರು ಹೆಚ್ಚಾಗಿ ಗಂಡಸರು, ಕಣದಲ್ಲಿ ಭತ್ತ ಒಣಗಿಸಿ ಹಸನು ಮಾಡುವವರು ಹೆಚ್ಚಾಗಿ ಹೆಂಗಸರು. ಗಂಡಸರ ತೂಕವೂ ಹಿಡಿತವೂ ಸರಾಸರಿಯಲ್ಲಿ ಹೆಚ್ಚು. ಆದ್ದರಿಂದ ಆ ಏರಿಕೆಯ ದೊಡ್ಡ ಪಾಲು ಎರಡು ಗುಂಪುಗಳ ನಡುವಿನ ಅಂತರದಿಂದಲೇ ಬಂದಿರುತ್ತದೆ, ಮತ್ತು ಇಬ್ಬರನ್ನೂ ಬೇರೆ ಬಣ್ಣದಲ್ಲಿ ಗುರುತಿಸಿದೊಡನೆ ಪ್ರತಿ ಗುಂಪಿನೊಳಗಿನ ಸಂಬಂಧ ಸಡಿಲವಾಗುತ್ತದೆ. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೊಂಬ್ 1973ರಲ್ಲಿ ಕೊಟ್ಟ ನಾಲ್ಕು ಪುಟ್ಟ ಪಟ್ಟಿಗಳಲ್ಲಿ ಸರಾಸರಿಗಳೂ 0.816ರ ಸಹಸಂಬಂಧವೂ ಒಂದೇ ಆಗಿದ್ದು, ನಕ್ಷೆಗಳು ಮಾತ್ರ ಒಂದಕ್ಕೊಂದು ಹೋಲುವುದೇ ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಮೊದಲು ತೋರಿಸುವುದು ಅವನ್ನೇ.

ಬಿಎಂಐ (ದೇಹ ತೂಕ ಸೂಚ್ಯಂಕ) ಬಗ್ಗೆ ಹೆಚ್ಚು ಎಚ್ಚರ ಬೇಕು. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕ ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕ್ವೆಟಿಲೆಟ್ 19ನೇ ಶತಮಾನದಲ್ಲಿ ಜನಸಮೂಹವನ್ನು ವರ್ಣಿಸಲು ಹುಡುಕಿದ್ದು. ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದನ್ನು ಅದು ಬೇರ್ಪಡಿಸದು. 170 ಸೆಂಟಿಮೀಟರ್ ಎತ್ತರ, 75 ಕಿಲೋ ತೂಕದ ಹಮಾಲನಿಗೂ ಅದೇ ಎತ್ತರ, ತೂಕದ ಗುಮಾಸ್ತನಿಗೂ ಬಿಎಂಐ ಸುಮಾರು 26 ಎಂದೇ ಬರುತ್ತದೆ. ಇಬ್ಬರೂ 25ರ ಗಡಿ ದಾಟಿ 'ಅಧಿಕ ತೂಕ'ದ ಸಾಲಿಗೆ ಸೇರುತ್ತಾರೆ. ಒಬ್ಬನು ದಿನವಿಡೀ ತನ್ನ ತೂಕದಷ್ಟೇ ಭಾರದ ಭತ್ತದ ಚೀಲಗಳನ್ನು ಲಾರಿಗೆ ಏರಿಸುವವನು ಎಂಬುದು ಆ ಸಾಲಿನಲ್ಲಿ ಎಲ್ಲೂ ಕಾಣುವುದಿಲ್ಲ.

ಹಿಡಿತದ ಅಳತೆಗೂ ಮಿತಿಯುಂಟು. ಮೊಣಕೈಯನ್ನು 90 ಡಿಗ್ರಿಗೆ ಮಡಿಸಿ ಕೂರಿಸಿ, ಮೂರು ಬಾರಿ ಹಿಡಿಸಿದರೂ ಅದು ಹೇಳುವುದು ಮುಖ್ಯವಾಗಿ ಮುಂಗೈಯ ಕಥೆಯನ್ನೇ. "ಇದನ್ನೇನು ಹಿಂಡಸ್ತೀರಿ ಸರ, ಒಂದು ಚೀಲ ತರ್ರಿ, ಎತ್ತಿ ತೋರಸ್ತೀನಿ" ಎಂದು ಹಿರಿಯ ಹಮಾಲರೊಬ್ಬರು ನಕ್ಕರು. ಸೊಂಟ, ತೊಡೆಗಳ ಬಲವನ್ನು ಅಳೆದಿಲ್ಲ ಎಂಬ ಆಕ್ಷೇಪ ಅದರಲ್ಲಿದೆ, ಮತ್ತು ಅದು ಸರಿಯಾದದ್ದೇ.

ಹೀಗಾಗಿ ಲಿಂಗ ಮತ್ತು ಕೆಲಸದ ಬಗೆಗೆ ತಕ್ಕಂತೆ ಬಿಡಿಸಿದ ಮಧ್ಯಾಂಕ, ಚತುರ್ಥಕಗಳು (ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ನಾಲ್ಕು ಸಮಪಾಲು ಮಾಡುವ ಅಂಕಿಗಳು) ವರದಿಯ ಮೊದಲ ಪುಟಕ್ಕೆ ಬರುತ್ತವೆ, ಸಹಸಂಬಂಧ ಕೊನೆಗೆ. ಹಮಾಲರ ಹಿಡಿತ ಗಟ್ಟಿಯೆಂದು ಕಂಡರೂ ಚೀಲ ಹೊತ್ತದ್ದರಿಂದ ಬಲ ಬಂದಿತೆಂದು ಬರೆಯುವುದಿಲ್ಲ. ಸೊಂಟ ಹಿಡಿದು, ಭುಜ ಸೋತು ಕೆಲಸ ಬಿಟ್ಟವರು ನಮ್ಮ ಶಿಬಿರಕ್ಕೆ ಬಂದಿರುವುದೇ ಇಲ್ಲ; ಪಟ್ಟಿಯಲ್ಲಿ ಉಳಿದವರು ಮೊದಲೇ ಗಟ್ಟಿಗರಾಗಿದ್ದಿರಬಹುದು.